ಪದ್ಮಿನಿ ಮೇಡಂ ಅವರ ಆರೂವರೆ ಫೋನು

ಪದ್ಮಿನಿ ಮೇಡಂ ಮೀನು ತಿನ್ನುವುದಿಲ್ಲ. ಮೀನು ಹಾಗಿರಲಿ, ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ಪೊಟ್ಟಣ ತಿರುಗಿಸಿ ಓದುವವರು ಅವರು. ಅಂಥವರು ಉತ್ತರ ಸ್ವೀಡನ್ನಿನ ಒಂದು ಹೊಳೆಯ ದಡದಲ್ಲಿ ಚೂಡಿದಾರಕ್ಕೆ ರಬ್ಬರ್ ಬೂಟು ಹಾಕಿಕೊಂಡು ನಿಂತರೆ ಅರ್ಧ ಗಂಟೆಗೊಂದು ಟ್ರೌಟ್ ಮೀನು ಬರುತ್ತಿತ್ತು. ನಾನು ಮರವಂತೆಯವನು. ನನ್ನ ಅಪ್ಪ, ಅಜ್ಜ, ಅಜ್ಜನ ಅಪ್ಪ ಎಲ್ಲರೂ ದೋಣಿಯಲ್ಲೇ ಹುಟ್ಟಿದವರು ಎಂದರೆ ಸ್ವಲ್ಪ ಹೆಚ್ಚಾದೀತು, ಬಹಳ ಹೆಚ್ಚೇನಲ್ಲ. ಎರಡು ಬೇಸಿಗೆ, ಒಂದು ಶನಿವಾರವನ್ನೂ ತಪ್ಪಿಸದೆ, ಅದೇ ಹೊಳೆಯಲ್ಲಿ ಎದೆಮಟ್ಟ ನಿಂತ ನನಗೆ ಒಂದೇ ಒಂದು ಮೀನು ಸಿಗಲಿಲ್ಲ. ಹೊಟ್ಟೆ ಉರಿಯಬಾರದು ಎಂದರೆ ಹೇಗೆ?

ಇದು ಅವರ ಕಥೆ. ಬರೆಯುತ್ತಿರುವವನು ನಾನಾದ್ದರಿಂದ ನನ್ನ ಉರಿಯೂ ಇದರಲ್ಲಿ ಬರುತ್ತದೆ. ಅದನ್ನು ಸೋಸಿ ತೆಗೆದು ಬರೆಯಲು ನನ್ನಿಂದಾಗದು.

ನಾನು ಉಮೆಯೊಗೆ ಬಂದದ್ದು ೨೦೦೫ರ ಕೊನೆಯಲ್ಲಿ, ಬೆಂಗಳೂರಿನ ಕಂಪನಿಯ ಕಡೆಯಿಂದ, ವರ್ಕ್ ಪರ್ಮಿಟ್ ಮೇಲೆ. ಆಗ ಅಲ್ಲಿ ಕನ್ನಡದ ಮನೆಗಳು ಹನ್ನೊಂದು. ಹಬ್ಬ ಬಂದರೆ ಯಾವುದಾದರೂ ಶಾಲೆಯ ಅಡುಗೆಮನೆ ಬಾಡಿಗೆಗೆ ಹಿಡಿದು ಬಿಸಿಬೇಳೆಬಾತ್ ಮಾಡುವ ಗುಂಪು. ಅವರ ನಡುವೆ ನಾನು ಕುಂದಾಪುರದ ಮಾತನ್ನು ಮನೆಯಲ್ಲೇ ಬಿಟ್ಟು ಬೆಂಗಳೂರಿನವನ ಹಾಗೆ ಮಾತಾಡುತ್ತಿದ್ದೆ. ಊರಿನ ಹೆಸರನ್ನು ಮಾತ್ರ ಬಿಡಲಿಲ್ಲ. ಮೊದಲ ಯುಗಾದಿ ಊಟದಲ್ಲೇ ಯಾರೋ, ಮರವಂತೆಯವರಿಗೆ ಮೀನಿನ ವಿಷಯ ಹೇಳಿಕೊಡಬೇಕೇ ಎಂದರು. ಸುಮ್ಮನಿರಬಹುದಿತ್ತು. ಇಲ್ಲಿನ ಹೊಳೆಗಳೆಲ್ಲ ನಮ್ಮ ಕಣ್ಣಿಗೆ ಹಳ್ಳವಿದ್ದ ಹಾಗೆ, ಬೇಸಿಗೆ ಬರಲಿ, ಬೇಕೆಂದವರ ಮನೆಗೆಲ್ಲ ಒಂದೊಂದು ಟ್ರೌಟ್ ಕಳಿಸುತ್ತೇನೆ ಎಂದುಬಿಟ್ಟೆ. ಅರ್ಧಕ್ಕರ್ಧ ಮನೆಯವರು ಸಸ್ಯಾಹಾರಿಗಳು, ಆದರೂ ಎಲ್ಲರೂ ಚಪ್ಪಾಳೆ ತಟ್ಟಿದರು. ಮೂಲೆಯಲ್ಲಿ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದ ಒಬ್ಬ ಹೆಂಗಸು ತಲೆ ಎತ್ತಿ, "ಯಾವ ಫ್ಲೈ ಹಾಕ್ತೀರಾ?" ಎಂದು ಕೇಳಿದರು. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವರೇ ಪದ್ಮಿನಿ ಮೇಡಂ.

ಆಮೇಲೆ ಗೊತ್ತಾಯಿತು, ಆ ಹೊಳೆಯಲ್ಲಿ ಬಲೆ ಹಾಕುವಂತಿಲ್ಲ, ಎರೆಹುಳು ಸಿಕ್ಕಿಸುವಂತಿಲ್ಲ. ಹಕ್ಕಿ ಪುಕ್ಕ, ಜಿಂಕೆ ಕೂದಲು, ನೂಲು ಸೇರಿಸಿ ಸಣ್ಣ ಗಾಳದ ಮೇಲೆ ಒಂದು ಹುಸಿ ನೊಣ ಕಟ್ಟಿ, ಅದನ್ನು ರಾಡ್ ಎನ್ನುವ ಉದ್ದದ ಗಾಳದ ಕೋಲಿನಿಂದ ಬೀಸಿ, ನಿಜವಾದ ನೊಣವೇ ನೀರಿಗೆ ಬಿತ್ತೇನೋ ಎಂಬಂತೆ ಇಳಿಸಬೇಕು. ಆ ಹುಸಿ ನೊಣವೇ ಫ್ಲೈ. ನಾನು ಬೀಸುಬಲೆ ಎಸೆದು ಬೆಳೆದವನು. ಬೀಸು ಎಂದರೆ ಭುಜದ ಬಲವೆಲ್ಲ ಹಾಕಿ ಬೀಸುತ್ತಿದ್ದೆ. ದಾರ ಗಂಟುಗಂಟಾಗಿ ನನ್ನ ತಲೆಯ ಮೇಲೇ ಬೀಳುತ್ತಿತ್ತು.

ಪದ್ಮಿನಿ ಮೇಡಂಗೆ ಆಗ ನಲವತ್ತೆಂಟು. ಗಂಡ ಪ್ರಹ್ಲಾದ ಸರ್ ಕಾಡಿನ ಮಣ್ಣಿನ ಮೇಲೆ ಸಂಶೋಧನೆ ಮಾಡುವವರು. ಅವರ ಕೆಲಸ ಉಮೆಯೊದಿಂದ ಒಂದು ಗಂಟೆ ದೂರದ ಒಂದು ಹಳ್ಳಿಯ ಹತ್ತಿರ, ಆದ್ದರಿಂದ ಮನೆಯೂ ಅಲ್ಲೇ, ಹೊಳೆಗೆ ಅರ್ಧ ಮೈಲಿ. ಬಂದ ಮೊದಲ ವರ್ಷ ಮೇಡಂ ಕಿಟಕಿಯಲ್ಲಿ ಹಿಮ ನೋಡುತ್ತ ಕೂತರಂತೆ. ಎರಡನೆಯ ವರ್ಷ ಹಳ್ಳಿಯ ಡಾಗಿಸ್‌ನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಮೂರು ವರ್ಷದ ಮಕ್ಕಳಿಂದ ಸ್ವೀಡಿಷ್ ಕಲಿತರು. ಹಾಗಾಗಿ ಪುರಸಭೆಯ ಹಾಗಿನ ಕೊಮ್ಯೂನ್ ಆಫೀಸಿನ ಗುಮಾಸ್ತನಿಗೂ, ಬಸ್ಸಿನ ಡ್ರೈವರಿಗೂ, ಟೋಪಿ ಹಾಕಿಕೋ, ಮೂಗು ಒರೆಸಿಕೋ ಎಂಬ ಧಾಟಿಯಲ್ಲೇ ಮಾತಾಡುತ್ತಿದ್ದರು. ಅವರೂ ತೆಪ್ಪಗೆ ಕೇಳುತ್ತಿದ್ದರು. ನಾನು ಆಫೀಸಿನಲ್ಲಿ ಇಂಗ್ಲಿಷಿನಲ್ಲೇ ದಿನ ದೂಡುವವನು, ಮೂರು ವರ್ಷವಾದರೂ 'ತಕ್' ಎಂಬ ಧನ್ಯವಾದ ದಾಟಿ ಮುಂದೆ ಹೋಗಲಿಲ್ಲ. ಅದಕ್ಕೂ ನನಗೆ ಉರಿ.

ಆ ಡಾಗಿಸ್‌ನಲ್ಲಿ ರಿಪೇರಿ ಕೆಲಸ ನೋಡಿಕೊಳ್ಳುತ್ತಿದ್ದ ಸ್ತೂರೆ ಎಂಬ ಮುದುಕ ಫಿಕಾ ಎನ್ನುವ ಕಾಫಿಯ ಬಿಡುವಿನಲ್ಲಿ ಕೂತು ಫ್ಲೈ ಕಟ್ಟುತ್ತಿದ್ದನಂತೆ. ಒಂದು ದಿನ ನೂಲು ಕೈಜಾರಿತು. ಮೇಡಂ ಅದನ್ನು ತೆಗೆದುಕೊಂಡು, ಹೂ ಕಟ್ಟುವವರು ಹಾಕುವ ಗಂಟು ಹಾಕಿ ಮುಗಿಸಿ ಕೊಟ್ಟರು. ಮುದುಕ ಕನ್ನಡಕ ಒರೆಸಿಕೊಂಡು ನೋಡಿದ. ಮುಂದಿನ ವಾರ ತನ್ನ ಹಳೆಯ ರಾಡ್ ತಂದುಕೊಟ್ಟ, ಆಮೇಲೆ ಬರ್ಚ್ ಮರದಲ್ಲಿ ತಾನೇ ಕೆತ್ತಿದ ಫ್ಲೈ ಪೆಟ್ಟಿಗೆ ಕೊಟ್ಟ. ಆ ಹಳ್ಳಿಯ ಸ್ವೀಡಿಷರೇ ಆ ಪೆಟ್ಟಿಗೆಯ ಮೇಲೆ ಕಣ್ಣಿಟ್ಟಿದ್ದರು. ನಾನೂ ಇಟ್ಟಿದ್ದೆ.

ಹಿಡಿದ ಮೀನನ್ನು ಅವರು ಇಟ್ಟುಕೊಳ್ಳುತ್ತಲೂ ಇರಲಿಲ್ಲ. ಗಾಳದ ಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿ ಮಟ್ಟ ಮಾಡಿರುತ್ತಿದ್ದರು. ಮೀನನ್ನು ನೀರಿನಿಂದ ಪೂರ್ತಿ ಎತ್ತದೆ, ಒದ್ದೆ ಕೈಯಲ್ಲಿ ಹಿಡಿದು, ಕೆಂಪು ಚುಕ್ಕೆಗಳನ್ನು ಒಂದು ಗಳಿಗೆ ನೋಡಿ, "ಹೋಗಪ್ಪ" ಎಂದು ಬಿಟ್ಟುಬಿಡುವುದು. ಬಿಡುವುದಕ್ಕೆ ಹಿಡಿಯುವುದೇಕೆ ಎಂದು ಒಮ್ಮೆ ತಡೆಯಲಾರದೆ ಕೇಳಿದೆ. ನೋಡುವುದಕ್ಕೆ ಎಂದರು. ನನ್ನ ಮೈಯೆಲ್ಲ ಉರಿಯಿತು. ಒಂದನ್ನಾದರೂ ಹಿಡಿದು ಸಾರು ಮಾಡಬೇಕೆಂದು ಹಂಬಲಿಸುವವನು ಇಲ್ಲಿ ನೀರಿನಲ್ಲಿ ನಡುಗುತ್ತ ನಿಂತಿದ್ದಾನೆ, ಅಲ್ಲಿ ಅವರು ನೋಡಿ ಬಿಡುತ್ತಿದ್ದಾರೆ.

ಹೊಳೆಗೆ ಮೇಲುಗಡೆ ಒಂದು ಅಣೆಕಟ್ಟು, ಅದರ ಕೆಳಗೆ ವಿದ್ಯುತ್ ಸ್ಥಾವರ. ಜೂನ್, ಜುಲೈನಲ್ಲಿ ಬೆಟ್ಟದ ಹಿಮ ಕರಗಿ ಕಟ್ಟೆ ತುಂಬಿದಾಗ ನೀರು ಬಿಡುತ್ತಾರೆ. ಎಷ್ಟು ಹೊತ್ತಿಗೆ ಎಷ್ಟು ನೀರು ಬರುತ್ತದೆ ಎನ್ನುವುದನ್ನು ಒಂದು ಫೋನ್ ನಂಬರಿನಲ್ಲಿ ಸ್ವೀಡಿಷಿನಲ್ಲಿ ರೆಕಾರ್ಡ್ ಮಾಡಿ ಇಟ್ಟಿರುತ್ತಾರೆ. ನನಗೆ ಅದು ತಿಳಿಯುವುದಿಲ್ಲವೆಂದು ಪದ್ಮಿನಿ ಮೇಡಂ ಶನಿವಾರ ಬೆಳಿಗ್ಗೆ ಆರೂವರೆಗೆ ಸರಿಯಾಗಿ ಫೋನ್ ಮಾಡುತ್ತಿದ್ದರು. "ಗಂಗಾಧರ್, ಇವತ್ತು ಇಪ್ಪತ್ತು, ಹನ್ನೊಂದರ ಮೇಲೆ ನಲವತ್ತು. ದಡದಲ್ಲೇ ಇರಿ." ಇಷ್ಟೇ. ಸೆಕೆಂಡಿಗೆ ಇಷ್ಟು ಘನ ಮೀಟರ್ ಎಂಬ ಲೆಕ್ಕ ಅದು. ನೀರು ಜಾಸ್ತಿಯಿದ್ದ ದಿನ ಅವರ ದನಿಯೂ ಒಂದಿಷ್ಟು ಜೋರಾಗುತ್ತಿತ್ತು, ದಡದಲ್ಲೇ ಇರಿ ಎನ್ನುವುದನ್ನು ಎರಡು ಸಲ ಹೇಳುತ್ತಿದ್ದರು.

ನನಗೆ ಅದು ಹೇಗೆ ಕೇಳಿಸುತ್ತಿತ್ತು ಎಂದರೆ, ನಿನಗೆ ಭಾಷೆಯೂ ಬರುವುದಿಲ್ಲ, ಮೀನೂ ಬರುವುದಿಲ್ಲ ಎಂದ ಹಾಗೆ. ಅದಕ್ಕಿಂತ ಹೆಚ್ಚಾಗಿ ಒಂದು ಅನುಮಾನ. ನೀರು ಜಾಸ್ತಿ ಬಿಟ್ಟ ದಿನವೇ ಅವರಿಗೆ ಹೆಚ್ಚು ಮೀನು. ನಾನು ನಡುಹೊಳೆಗೆ ಹೋಗಿಬಿಟ್ಟರೆ ತಮ್ಮ ಮೀನು ತಪ್ಪೀತೆಂದು ದಡ ದಡ ಎನ್ನುತ್ತಿದ್ದಾರೆ ಎಂದು ಎಣಿಸಿದೆ. ಹೆಂಡತಿ ವೈದೇಹಿಗೂ ಹೇಳಿದೆ. ಅವಳು ಕಾಫಿ ಸೋಸುತ್ತ, ನಿಮಗೆ ಮೀನು ಸಿಗುವುದಿಲ್ಲ ಎನ್ನುವುದಕ್ಕೆ ಆ ಬಡಪಾಯಿ ಹೆಂಗಸು ಏನು ಮಾಡಿಯಾರು ಎಂದಳು. ಮನೆಯಲ್ಲೂ ನನ್ನ ಕಡೆ ಯಾರೂ ಇರಲಿಲ್ಲ.

ಒಮ್ಮೆ ದಡದಲ್ಲಿ ಫಿಕಾಕ್ಕೆ ಕೂತಿದ್ದಾಗ ಮೇಡಂ ತಮ್ಮ ಬಾಲ್ಯದ ಕಥೆ ಹೇಳಿದ್ದರು. ಹಾಸನದ ಕಡೆ ಒಂದು ಸಣ್ಣ ಅಣೆಕಟ್ಟಿನ ಕ್ವಾರ್ಟರ್ಸಿನಲ್ಲಿ ಬೆಳೆದವರು, ತಂದೆ ಅಲ್ಲಿ ಗೇಟು ಎತ್ತುವ ಕೆಲಸದಲ್ಲಿದ್ದವರು. ಇಲ್ಲಿನ ಎಂಬತ್ತು ಅಂದರೆ ಅಲ್ಲಿನ ಲೆಕ್ಕದಲ್ಲಿ ಹತ್ತಿರ ಹತ್ತಿರ ಮೂರು ಸಾವಿರ ಕ್ಯೂಸೆಕ್ ಎಂದು ಏನೋ ವಿವರಿಸುತ್ತಿದ್ದರು. ನಾನು ಕೇಳಿಸಿಕೊಳ್ಳಲಿಲ್ಲ. ಬೆಳಗಿನಿಂದ ಅವರು ಎಷ್ಟು ಮೀನು ಬಿಟ್ಟರು ಎಂದು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಐದು.

ಇಷ್ಟಾದರೂ ಹೇಗೋ ನಡೆದುಕೊಂಡು ಹೋಗುತ್ತಿತ್ತು. ಕೆಟ್ಟದ್ದು ಎಲ್ಲಿ ಎಂದರೆ, ನಾನು ಅಪ್ಪನಿಗೆ ಸುಳ್ಳು ಹೇಳಿದ್ದೆ. ವಾರ ವಾರ ಫೋನಿನಲ್ಲಿ ಅಪ್ಪ ಕೇಳುವುದು ಒಂದೇ, ಮೀನು ಹೇಗೆ ಎಂದು. ಸಂಬಳ ಕೇಳುತ್ತಿರಲಿಲ್ಲ, ಚಳಿ ಕೇಳುತ್ತಿರಲಿಲ್ಲ. ಶನಿವಾರ ಎರಡು ಹಿಡಿದೆ, ಮೂರು ಹಿಡಿದೆ, ಒಂದು ಮೊಳಕೈ ಉದ್ದ ಇತ್ತು ಎನ್ನುತ್ತ ಬಂದೆ. ಅಪ್ಪ ಅದನ್ನು ಮರವಂತೆಯ ಕಡಲ ಬದಿಯಲ್ಲಿ ಬಲೆ ಹೆಣೆಯುವವರಿಗೆಲ್ಲ ಹೇಳುತ್ತ ಬಂದರು. ೨೦೦೮ರ ಜೂನ್ ಕೊನೆಗೆ ಆರು ವಾರದ ವೀಸಾದಲ್ಲಿ ಅವರೇ ಬಂದಿಳಿದರು. ಏರ್‌ಪೋರ್ಟಿನಿಂದ ಮನೆಗೆ ಬರುವ ದಾರಿಯಲ್ಲೇ, ಶನಿವಾರ ನನ್ನ ಕಣ್ಣೆದುರು ಒಂದು ಹಿಡಿದು ತೋರಿಸು ಎಂದರು. ಅರವತ್ತೆಂಟು ವರ್ಷದ ಆ ಮನುಷ್ಯನ ಕಣ್ಣೆದುರು ಒಂದು, ಒಂದೇ ಒಂದು ಟ್ರೌಟ್ ಹಿಡಿಯಬೇಕು. ಇಲ್ಲವಾದರೆ ಎರಡು ವರ್ಷದ ಸುಳ್ಳು ಹೊಳೆಯ ದಡದಲ್ಲೇ ಬಯಲಾಗುತ್ತದೆ. ನನಗೆ ಬೇರೆ ಚಿಂತೆಯೇ ಇರಲಿಲ್ಲ.

ಮೊದಲ ಶನಿವಾರ ಮೇಡಂ ಫೋನಿನಲ್ಲಿ ಅರವತ್ತು ಎಂದರು. ನಾವು ಹೋದಾಗ ಅವರು ತಮ್ಮ ಜಾಗದಲ್ಲಿದ್ದರು. ಪ್ರಹ್ಲಾದ ಸರ್ ಸೊಳ್ಳೆಪರದೆಯ ಟೋಪಿ ಹಾಕಿಕೊಂಡು ಮಡಚುವ ಕುರ್ಚಿಯಲ್ಲಿ ಯಾವುದೋ ವರದಿ ಓದುತ್ತಿದ್ದರು. ನಾನು ಎದೆಯವರೆಗಿನ ರಬ್ಬರ್ ಪ್ಯಾಂಟು ಏರಿಸಿ, ಅಪ್ಪ ನೋಡುತ್ತಿರಲಿ ಎಂದು ದೂರ ನೀರಿಗಿಳಿದು ದೂರಕ್ಕೆ ಬೀಸಿದೆ. ನೀರಿನ ಸೆಳೆತಕ್ಕೆ ದಾರ ಅಡ್ಡಡ್ಡ ಎಳೆದುಕೊಂಡು ಹೋಗುತ್ತಿತ್ತು. ಎರಡು ಗಂಟೆ ಬೀಸಿದೆ. ತಿರುಗಿ ನೋಡಿದರೆ ಅಪ್ಪ ನನ್ನನ್ನು ನೋಡುತ್ತಲೇ ಇರಲಿಲ್ಲ. ಪಂಚೆಯ ಮೇಲೆ ನನ್ನ ಚಳಿಗಾಲದ ಜಾಕೆಟ್ ಹಾಕಿಕೊಂಡು ಮೇಡಂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಅವರು ಮೀನು ಬಿಡುವುದನ್ನು ನೋಡಿ ನಗುತ್ತಿದ್ದರು.

ಅಂದು ಕಾರಿನಲ್ಲಿ ಅಪ್ಪ ನನಗೇಕೆ ಸಿಗಲಿಲ್ಲ ಎಂದು ಕೇಳಲೇ ಇಲ್ಲ. ಕೇಳಿದ್ದರೆ ಒಳ್ಳೆಯದಿತ್ತು. ಬಹಳ ಹೊತ್ತು ಹೊರಗೆ ಕಾಡು ನೋಡುತ್ತಿದ್ದು, "ಆ ಹೆಂಗ್ಸಿಗೆ ನೀರ್ ಗೊತ್ತಿತ್ ಮಾರಾಯ" ಎಂದರು. ನನ್ನ ಅಪ್ಪ ಜೀವಮಾನದಲ್ಲಿ ಮೂರೋ ನಾಲ್ಕೋ ಜನರ ಬಗ್ಗೆ ಆ ಮಾತು ಹೇಳಿದ್ದಾರೆ. ನಾನು ಅದರಲ್ಲಿಲ್ಲ. ಹೊಟ್ಟೆಕಿಚ್ಚು ಎನ್ನುವುದು ಬರಿಯ ಮಾತಲ್ಲ, ನಿಜವಾಗಿಯೂ ಹೊಟ್ಟೆಯಲ್ಲೇ ಆಗುವುದು ಎಂದು ನನಗೆ ಅಂದು ಗೊತ್ತಾಯಿತು. ರಾತ್ರಿ ಊಟ ಸೇರಲಿಲ್ಲ.

ಎರಡನೆಯ ಶನಿವಾರಕ್ಕೆ ಒಂದು ನಿರ್ಧಾರ ಮಾಡಿಕೊಂಡೆ. ಮೇಡಂ ಜಾಗಕ್ಕೆ ಹೋಗುವುದೇ ಬೇಡ. ಅಲ್ಲಿಂದ ಐದು ಕಿಲೋಮೀಟರ್ ಕೆಳಗೆ ಹೊಳೆ ಅಗಲವಾಗಿ, ನಡುವೆ ಒಂದು ಜಲ್ಲಿಕಲ್ಲಿನ ದಿಣ್ಣೆ ಇದೆ. ಅಲ್ಲಿ ಮೀನು ನೊಣಕ್ಕೆ ಹಾರುವುದನ್ನು ಕಂಡಿದ್ದೆ. ಅಪ್ಪ, ನಾನು, ಹೊಳೆ, ಇಷ್ಟೇ ಸಾಕು. ಪೆಟ್ರೋಲ್ ಬಂಕಿನಿಂದ ಮೀನು ಹಿಡಿಯುವ ಪರವಾನಗಿ ಕಾರ್ಡನ್ನು ಹಿಂದಿನ ದಿನವೇ ತಂದಿಟ್ಟೆ.

ಬೆಳಿಗ್ಗೆ ಸಾಮಾನು ಕಟ್ಟುತ್ತಿದ್ದಾಗ ಫೋನು ಬಂತು. ಆರೂವರೆ. ಮೊಬೈಲಿನ ಪರದೆಯ ಮೇಲೆ ಅವರ ಹೆಸರು. ಎತ್ತಲಿಲ್ಲ. ಇವತ್ತೊಂದು ದಿನ ಅವರ ಬಾಯಿಂದ ನೀರಿನ ಲೆಕ್ಕ ಕೇಳುವುದು ನನಗೆ ಬೇಕಿರಲಿಲ್ಲ. ಅದು ಹೊಡೆದುಕೊಂಡು ನಿಂತಿತು, ಮತ್ತೆ ಹೊಡೆದುಕೊಂಡಿತು. ಯಾರು ಎಂದು ಅಪ್ಪ ಕೇಳಿದರು. ಯಾರೂ ಅಲ್ಲ ಎಂದೆ. ಸದ್ದು ಬಾರದ ಹಾಗೆ ಮಾಡಿ ಅದನ್ನು ಕಾರಿನ ಡ್ಯಾಷ್‌ಬೋರ್ಡಿನೊಳಗೆ ಹಾಕಿ ಮುಚ್ಚಿದೆ.

ಎಂಟು ಗಂಟೆಗೆ ಆ ಜಾಗ ತಲುಪಿದೆವು. ಕಾರು ನಿಲ್ಲಿಸುವಲ್ಲಿ ಒಂದು ಹಳದಿ ಬೋರ್ಡು, ಅಲೆಯಿಂದ ಓಡುತ್ತಿರುವ ಮನುಷ್ಯನ ಚಿತ್ರ. ಹೊಳೆಯುದ್ದಕ್ಕೂ ಇರುವ ಬೋರ್ಡು, ಅದರ ಮುಂದೆಯೇ ಹಾದು ಹೋದೆವು. ಹೊಳೆ ನಾನು ಅಂದುಕೊಂಡದ್ದಕ್ಕಿಂತ ಸಣ್ಣದಾಗಿತ್ತು. ದಡದ ಹುಲ್ಲು ಮಲಗಿತ್ತು, ಕಲ್ಲುಗಳು ನೀರಿಗಿಂತ ಒಂದು ಗೇಣು ಮೇಲಿನವರೆಗೂ ಇನ್ನೂ ಒದ್ದೆಯಾಗಿದ್ದವು. ನೋಡಿದ ಕೂಡಲೇ ನನಗೆ ಅರ್ಥವಾಯಿತು. ಅರ್ಥವಾಯಿತು ಎಂದುಕೊಂಡೆ. ನಮ್ಮ ಊರಿನಲ್ಲಿ ಸೌಪರ್ಣಿಕಾ ಹೊಳೆಯ ಕಲ್ಲು ಹೀಗೆ ಒದ್ದೆ ಇದ್ದರೆ ಕಡಲಿನ ಇಳಿತ ಶುರುವಾಗಿದೆ ಎಂದು ಲೆಕ್ಕ, ಇನ್ನು ನಾಲ್ಕೈದು ಗಂಟೆ ಹೆದರಿಕೆಯಿಲ್ಲ. ಅಪ್ಪನೂ ಬಗ್ಗಿ ಕಲ್ಲು ಮುಟ್ಟಿ ನೋಡಿ, "ಇಳ್ತ ಇತ್ತ್, ಹೋಗ್" ಎಂದರು. ಕಡಲಿನಿಂದ ಮುನ್ನೂರು ಮೀಟರ್ ಎತ್ತರದ ಕಾಡಿನ ನಡುವೆ ನಿಂತು, ಮರವಂತೆಯ ತಂದೆ ಮಗ ಇಬ್ಬರೂ ಇಳಿತ ಎಂದು ತೀರ್ಮಾನಿಸಿದೆವು.

ದಿಣ್ಣೆಗೆ ದಾಟುವಾಗ ನೀರು ಸೊಂಟದವರೆಗೆ ಬಂತು. ದಿಣ್ಣೆಯ ಮೇಲೆ ಮೊಣಕಾಲು ಮಟ್ಟ. ಅಲ್ಲಿ ನಿಂತು ಬೀಸಿದೆ. ಅಂದು ನನ್ನ ಕೈ ಅಪರೂಪಕ್ಕೆ ಹದವಾಗಿತ್ತು, ದಾರ ನೇರ ಹೋಯಿತು. ಏಳನೆಯದೋ ಎಂಟನೆಯದೋ ಬೀಸಿಗೆ ಫ್ಲೈ ಇದ್ದಲ್ಲಿ ನೀರು ಉಬ್ಬಿತು. ಬೆನ್ನು ಕಂಡಿತು, ಕಂದು ಬಣ್ಣದ ಅಗಲವಾದ ಬೆನ್ನು. ಗಾಳ ಹಿಡಿಯಲಿಲ್ಲ, ಆದರೆ ಬಂದಿತ್ತು. ಎರಡು ವರ್ಷದಲ್ಲಿ ಮೊದಲ ಸಲ ಒಂದು ಟ್ರೌಟ್ ನನಗಾಗಿ ಬಂದಿತ್ತು. ದಡದಿಂದ ಅಪ್ಪ ಕೂಗಿ ಹುರಿದುಂಬಿಸಿದರು.

ಆಮೇಲೆ ನನಗೆ ಲೋಕವೇ ಮರೆತುಹೋಯಿತು. ಅದೇ ಜಾಗಕ್ಕೆ ಮತ್ತೆ ಮತ್ತೆ ಬೀಸಿದೆ. ನೀರಿನ ಮೇಲೆ ಕಡ್ಡಿ ತೇಲಿ ಬಂದವು, ನೊರೆ ಬಂತು. ನೋಡಿದೆ, ತಲೆಗೆ ಹೋಗಲಿಲ್ಲ. ಮೊಣಕಾಲಿನಲ್ಲಿದ್ದ ನೀರು ತೊಡೆಗೆ ಬಂದದ್ದು ನಾನೇ ಸ್ವಲ್ಪ ಜಾರಿದ್ದರಿಂದ ಎಂದುಕೊಂಡೆ. ಇನ್ನೊಂದು ಬೀಸು, ಇನ್ನೊಂದೇ ಬೀಸು.

ಆಗ ಸೈಕಲ್ ಬೆಲ್ ಕೇಳಿಸಿತು. ಕಾಡಿನ ದಾರಿಯಲ್ಲಿ ಯಾರೋ ಬಿಡದೆ, ಒಂದೇ ಸಮನೆ ಬೆಲ್ ಹೊಡೆಯುತ್ತ ಬರುತ್ತಿದ್ದರು. ಮರಗಳ ನಡುವಿನಿಂದ ಪದ್ಮಿನಿ ಮೇಡಂ ಹೊರಬಂದರು, ಚೂಡಿದಾರದ ಕಾಲು ಬೂಟಿನೊಳಗೆ, ರಾಡು ಬೆನ್ನಿಗೆ, ಬಾಯಿ ತೆರೆದು ಉಸಿರು ಬಿಡುತ್ತ. ಸೈಕಲ್ಲನ್ನು ಹಾಗೆಯೇ ಬಿಸಾಡಿ ಕೂಗಿದರು.

"ಏಳಿ! ಗಂಗಾಧರ್, ಏಳಿ ಮೇಲೆ!"

ನಾನು ನಿಂತೇ ಇದ್ದೆ. ನಿಂತವನಿಗೆ ಏಳಿ ಎನ್ನುತ್ತಾರಲ್ಲ ಎಂದು ಆ ಗಳಿಗೆಯಲ್ಲೂ ನನಗೆ ರೇಗಿತು. ತಿರುಗಿ ನೋಡಿದೆ. ನಾನು ದಾಟಿ ಬಂದಿದ್ದ ಜಾಗ ಈಗ ಹಸಿರುಗಪ್ಪಾಗಿ ಓಡುತ್ತಿತ್ತು, ನಾನು ಕಾಲಿಟ್ಟು ಬಂದ ಕಲ್ಲು ಒಂದೂ ಕಾಣಲಿಲ್ಲ. ನೀರು ಸೊಂಟ ಮುಟ್ಟಿತ್ತು. ಅತ್ತ ಹೆಜ್ಜೆ ಇಟ್ಟೆ. "ಬಂದ ದಾರೀಲಿ ಬರ್ಬೇಡಿ!" ಎಂದು ಅವರು ಕಿರುಚಿದರು. "ನೀರಿನ ಜೊತೇಲೇ ಕೆಳಗೆ ನಡೀರಿ! ಆ ಬಿದ್ದ ಮರ ಹಿಡ್ಕೊಳ್ಳಿ!" ದಿಣ್ಣೆಯ ಬಾಲದ ಕಡೆಗೆ ನಡೆದೆ. ಹತ್ತು ಹೆಜ್ಜೆಗೆ ಕಾಲು ಕಿತ್ತುಕೊಂಡಿತು. ಪ್ಯಾಂಟಿನೊಳಗೆ ನೀರು ನುಗ್ಗಿ ಕಾಲು ಕಲ್ಲಾಯಿತು. ಏಳು ವರ್ಷದವನಿದ್ದಾಗಿನಿಂದ ಈಜುವ ನಾನು, ಅಷ್ಟು ತಣ್ಣನೆಯ ನೀರಿನಲ್ಲಿ ಈಜು ಬಾರದವನ ಹಾಗೆ ಕೈ ಬಡಿದೆ. ರಾಡ್ ಎಲ್ಲಿ ಹೋಯಿತೋ. ದಡಕ್ಕೆ ಬಿದ್ದಿದ್ದ ಬರ್ಚ್ ಮರದ ಕೊಂಬೆ ಎದೆಗೆ ಬಡಿಯಿತು, ತಬ್ಬಿಕೊಂಡೆ. ಅಪ್ಪ ಪಂಚೆ ಎತ್ತಿ ನೀರಿಗಿಳಿದು ನನ್ನ ಕೊರಳಪಟ್ಟಿ ಹಿಡಿದರು, ಮೇಡಂ ಅಪ್ಪನ ಜಾಕೆಟ್ ಹಿಡಿದರು. ಇಬ್ಬರೂ ಸೇರಿ ನನ್ನನ್ನು ಎಳೆದು ಹುಲ್ಲಿನ ಮೇಲೆ ಹಾಕಿದರು.

ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. ಮೇಡಂ ಮುಖ ಬಿಳುಚಿತ್ತು. ಬೆಳಗಿನಿಂದ ಹನ್ನೊಂದು ಸಲ ಫೋನ್ ಮಾಡಿದ್ದರಂತೆ. ಸ್ಥಾವರದಲ್ಲಿ ಏನೋ ಕೆಲಸಕ್ಕೆಂದು ಆರು ಗಂಟೆಗೆ ನೀರು ನಿಲ್ಲಿಸುತ್ತೇವೆ, ಎಂಟಕ್ಕೆ ಗೇಟು ಎತ್ತಿ ತೊಂಬತ್ತು ಬಿಡುತ್ತೇವೆ ಎಂದು ರೆಕಾರ್ಡಿನಲ್ಲಿ ಮೊದಲೇ ಹೇಳಿದ್ದರು. ನಾನು ಕಂಡ ಇಳಿತ ಅದು. ನಾನು ಫೋನ್ ಎತ್ತದಿದ್ದಾಗ ಅವರು ವೈದೇಹಿಗೆ ಮಾಡಿದ್ದಾರೆ, ಅವಳು ಕೆಳಗಿನ ಜಾಗಕ್ಕೆ ಹೋದರು ಎಂದಿದ್ದಾಳೆ. ಪ್ರಹ್ಲಾದ ಸರ್ ಆಗಲೇ ಕಾರು ತೆಗೆದುಕೊಂಡು ಕಾಡಿಗೆ ಹೋಗಿದ್ದರು. ಇವರು ಸೈಕಲ್ ಹತ್ತಿದ್ದಾರೆ. ಆ ಹೆಂಗಸು ಕೋಪ ಮಾಡಿಕೊಂಡದ್ದನ್ನು ನಾನು ನೋಡಿದ್ದು ಅಂದೊಂದೇ ದಿನ.

"ಫೋನ್ ಎತ್ತೋದಕ್ಕೆ ಏನಾಗಿತ್ತು ನಿಮ್ಗೆ?"

ಸೈಲೆಂಟಿನಲ್ಲಿತ್ತು, ಕೇಳಿಸಲಿಲ್ಲ ಎಂದೆ. ಅಪ್ಪ ನನ್ನತ್ತ ನೋಡಿದರು. ಆಮೇಲೆ ಅವರತ್ತ ತಿರುಗಿ, ಮೆಲ್ಲಗೆ ಹೇಳಿದರು.

"ಫೋನ್ ಬಂದಿತ್ ಅಮ್ಮ. ಇಂವ ಕಂಡಿದ. ಯಾರೂ ಅಲ್ಲ ಅಂದ."

ಹೊಳೆ ನನ್ನನ್ನು ಕೊಂಡೊಯ್ದಿದ್ದರೂ ಆಗುತ್ತಿತ್ತು ಎನಿಸಿತು. ತಲೆ ತಗ್ಗಿಸಿ ಕೂತೆ. ಮೇಡಂ ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. ಬೂಟು ಕಳಚಿ ನೀರು ಚೆಲ್ಲಿದರು. ನೀರನ್ನು ನೋಡುತ್ತಲೇ ಹಳೆಯ ಕಥೆ ಹೇಳತೊಡಗಿದರು, ನಾನು ಹಿಂದೊಮ್ಮೆ ಕೇಳಿಸಿಕೊಳ್ಳದೆ ಬಿಟ್ಟಿದ್ದ ಕಥೆ. ಗೇಟು ಎತ್ತುವ ದಿನ ತಂದೆ ಇವರ ಕೈಗೆ ಸೈಕಲ್ ಕೊಟ್ಟು ಕಳಿಸುತ್ತಿದ್ದರಂತೆ, ಕಟ್ಟೆಯ ಕೆಳಗೆ ಹೊಳೆಯಲ್ಲಿ ಬಟ್ಟೆ ಒಗೆಯುವ ಹೆಂಗಸರಿಗೆ ಹೇಳಿ ಬರಲು. ಹನ್ನೊಂದು ವರ್ಷ, ಸೀಟು ಎಟುಕುತ್ತಿರಲಿಲ್ಲ, ಬಾರಿನ ಕೆಳಗಿಂದ ಕಾಲು ತೂರಿಸಿ ತುಳಿಯುವುದು. ದಾರಿಯುದ್ದಕ್ಕೂ ಬೆಲ್ ಹೊಡೆಯುತ್ತ, ಏಳಿ, ಏಳಿ ಮೇಲೆ ಎಂದು ಕೂಗುತ್ತ ಹೋಗುವುದು. ಎಲ್ಲರೂ ಬಟ್ಟೆ ಬಾಚಿಕೊಂಡು ಏಳುತ್ತಿದ್ದರು. ಚೆಲುವಮ್ಮ ಎಂಬಾಕೆಗೆ ಮಾತ್ರ ಇವರನ್ನು ಕಂಡರೆ ಆಗುತ್ತಿರಲಿಲ್ಲ, ಯಾವುದೋ ಹೂವಿನ ಗಿಡದ ಜಗಳ. ಒಂದು ದಿನ ಎಲ್ಲರೂ ಎದ್ದರು, ಆಕೆ ಏಳಲಿಲ್ಲ.

"ನನ್ ಬೆಲ್ ಕೇಳ್ಸಿತ್ತು ಅವರಿಗೆ," ಎಂದರು ಮೇಡಂ. "ಈ ಚೋಟುದ್ದ ಹುಡುಗಿ ಹೇಳಿದ್ರೆ ನಾನ್ ಯಾಕೆ ಏಳ್ಬೇಕು ಅಂತ ಕೂತಿದ್ರು. ನಾನು ಮುಂದಿನ ಊರಿಗೆ ಹೋಗ್ಬಿಟ್ಟೆ. ಅವ್ರ ಹತ್ರ ಹೋಗಿ ಕೈ ಹಿಡ್ದು ಎಳೀಲಿಲ್ಲ."

ಮುಂದೆ ಏನಾಯಿತೆಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಈ ಹೊಳೆಗೆ ಬರುವವರಲ್ಲಿ ನಡುನೀರಿಗೆ ಇಳಿಯುತ್ತಿದ್ದವನು ನಾನೊಬ್ಬನೇ. ಶನಿವಾರ ಆರೂವರೆಗೆ ಅವರು ಫೋನ್ ಮಾಡುತ್ತಿದ್ದದ್ದೂ ನನಗೊಬ್ಬನಿಗೇ.

ನಾನು ಅತ್ತೆ. ಚಳಿಗೆ ನಡುಗುತ್ತಿದ್ದೇನೆ ಎಂದುಕೊಂಡವರ ಹಾಗೆ ಅವರಿಬ್ಬರೂ ನಟಿಸಿದರು.

ಎದ್ದು ಹೊರಡುವಾಗ ಅಪ್ಪ ನನ್ನ ಹೆಗಲು ಹಿಡಿದಿದ್ದವರು ತಟ್ಟನೆ ನಿಂತರು. ನಾನು ಬೆಳಿಗ್ಗೆ ನೀರಿಗಿಳಿದಿದ್ದ ಜಾಗದಲ್ಲಿ ಈಗ ಹುಲ್ಲೆಲ್ಲ ಮುಳುಗಿತ್ತು, ಆ ಹುಲ್ಲಿನ ನಡುವೆ ನೀರು ಮಿಸುಕಿತು. ಮೇಡಂ ತಲೆಯಾಡಿಸಿದರು. ನೀರು ಜೋರಾದಾಗ ಮೀನು ನಡುಹೊಳೆಯಲ್ಲಿ ನಿಲ್ಲಲಾರದೆ ದಡಕ್ಕೆ ಬರುತ್ತದೆ, ಕಲ್ಲಿನ ಹಿಂದೆ, ಹುಲ್ಲಿನ ಬುಡದಲ್ಲಿ, ನಮ್ಮ ಕಾಲ ಹತ್ತಿರವೇ ಬಂದು ನಿಲ್ಲುತ್ತದೆ ಎಂದರು. ಎರಡು ವರ್ಷ ನಾನು ಮೀನನ್ನು ದಾಟಿಕೊಂಡು ಮೀನು ಹಿಡಿಯಲು ಹೋಗುತ್ತಿದ್ದೆ. ದಡದಲ್ಲೇ ಇರಿ ಎಂದು ಅವರು ಹೇಳಿದ್ದರಲ್ಲಿ ಜೀವದ ಮಾತೂ ಇತ್ತು, ಮೀನಿನ ಮಾತೂ ಇತ್ತು.

ಬೆನ್ನಿನ ರಾಡು ಬಿಚ್ಚಿ ಅವರು ಚಾಚಿದ್ದು ಅಪ್ಪನ ಕಡೆಗೆ, ನನ್ನ ಕಡೆಗಲ್ಲ. ಬೀಸುವುದೇನೂ ಬೇಡ, ಸುಮ್ಮನೆ ಹುಲ್ಲಿನ ಅಂಚಿಗೆ ಇಳಿಸಿ ಎಂದರು. ಅಪ್ಪ ಇಳಿಸಿದರು. ಮೂರನೆಯ ಸಲಕ್ಕೆ ರಾಡು ಬಗ್ಗಿತು. ನನಗೆ ಆಗಲೂ, ಸಾವಿನ ಬಾಯಿಂದ ಎದ್ದು ಬಂದು ಕಾಲು ಗಂಟೆಯೂ ಆಗಿರಲಿಲ್ಲ, ಆಗಲೂ ಹೊಟ್ಟೆ ಉರಿಯಿತು. ಇದನ್ನು ಮುಚ್ಚಿಟ್ಟು ಬರೆಯುವವನಲ್ಲ ನಾನು.

ಮೊಳಕೈ ಉದ್ದದ ಟ್ರೌಟ್. ನಾನು ಫೋನಿನಲ್ಲಿ ಹೇಳುತ್ತಿದ್ದಷ್ಟೇ ಉದ್ದ. ಅಪ್ಪ ಕೈ ಒದ್ದೆ ಮಾಡಿಕೊಂಡು ಅದನ್ನು ನೀರಿನಲ್ಲೇ ಹಿಡಿದು, ಬಿಡಬೇಕೋ ಎಂಬಂತೆ ಮೇಡಂ ಮುಖ ನೋಡಿದರು. ಅವರು ನಿಮ್ಮ ಮೀನು, ನಿಮ್ಮಿಷ್ಟ ಎಂದರು. ಐವತ್ತು ವರ್ಷ ಕಡಲಿಗೆ ಹೋದ ಆ ಮನುಷ್ಯ ಕೈಗೆ ಬಂದ ಮೀನನ್ನು ಬಿಟ್ಟದ್ದನ್ನು ನಾನು ಕಂಡವನಲ್ಲ. ಅವರು ನನ್ನನ್ನು ನೋಡಿದರು, ತೊಯ್ದು ತೊಪ್ಪೆಯಾಗಿ ಹುಲ್ಲಿನ ಮೇಲೆ ನಿಂತಿದ್ದ ನನ್ನನ್ನು.

"ಇವತ್ತ್ ಹೊಳಿ ನಮ್ದೊಂದ್ ಬಿಟ್ಟಿತ್," ಎಂದರು. "ನಾವೂ ಒಂದ್ ಬಿಡ್ವ."

ಕೈ ಸಡಿಲಿಸಿದರು. ಮೀನು ಒಂದು ಗಳಿಗೆ ಅಲ್ಲೇ ನಿಂತು, ಆಮೇಲೆ ಹುಲ್ಲಿನೊಳಗೆ ಹೋಯಿತು.

ಅಪ್ಪ ನನ್ನ ಸುಳ್ಳಿನ ಬಗ್ಗೆ ಆಮೇಲೆಯೂ ಒಂದು ಮಾತೂ ಆಡಲಿಲ್ಲ. ಮುಂದಿನ ಶನಿವಾರ ನಾನು ಆರು ಗಂಟೆಗೇ ಎದ್ದು ಮೊಬೈಲನ್ನು ಅಡುಗೆಮನೆಯ ಮೇಜಿನ ಮೇಲೆ ಮುಂದಿಟ್ಟುಕೊಂಡು ಕೂತೆ. ಆರೂವರೆಯಾಯಿತು. ಮೊದಲ ರಿಂಗು ಮುಗಿಯುವುದರೊಳಗೆ ಎತ್ತಿದೆ. ಮೇಡಂ ಅವರ ದನಿ ಎಂದಿನಂತೆಯೇ ಇತ್ತು.

"ಗಂಗಾಧರ್, ಅಪ್ಪ ಎದ್ದಿದಾರಾ? ಸ್ವಲ್ಪ ಕೊಡಿ."

ಕೊಟ್ಟೆ. ಅಪ್ಪ ಫೋನು ಕಿವಿಗೊತ್ತಿಕೊಂಡು, ಹ್ಞೂಂ, ಹೌದ, ಆಯ್ತಮ್ಮ ಎನ್ನುತ್ತ ನಕ್ಕರು. ಬಹಳ ಹೊತ್ತು ಮಾತಾಡಿದರು. ನನ್ನೊಂದಿಗೆ ಅವರು ಯಾವತ್ತೂ ಅಷ್ಟು ಹೊತ್ತು ನೀರಿನ ಮಾತಾಡಿರಲಿಲ್ಲ. ನನಗೆ ಇಬ್ಬರ ಮೇಲೂ ಉರಿ ಹತ್ತಿತು. ತಡೆಯಲಾರದೆ, ಎಷ್ಟಂತೆ ಎಂದು ಕೈಸನ್ನೆಯಲ್ಲಿ ಕೇಳಿದೆ. ಅಪ್ಪ ಫೋನಿಗೆ ಅಂಗೈ ಅಡ್ಡ ಹಿಡಿದರು.

"ಎಂಬತ್ತಂಬ್ರ," ಎಂದರು. "ನೀ ದಡದಗೇ ನಿಲ್ಕಂಬ್ರ."